ಬಿಡಾರ ಎಲ್ಲಿ?

ಪ್ರವಾಸಿಗರಲ್ಲಿ ಎರಡು ಪಂಥ. ದಿನಕ್ಕೊಂದು ಊರು, ರಾತ್ರಿಗೊಂದು ಲಾಡ್ಜು, ಬೆಳಗಾದರೆ ಹಸಿ ಟವೆಲ್ಲನ್ನು ಚೀಲಕ್ಕೆ ತುರುಕಿ ಮುಂದಿನ ಬಸ್ಸಿಗೆ ಓಡುವವರದು ಒಂದು. ಒಂದೇ ಕಡೆ ಬಿಡಾರ ಹೂಡಿ, ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗ ಎಟಕುವಷ್ಟು ದೂರ ಮೇಯ್ದು ಬರುವ ಹಾಗೆ, ಸುತ್ತಮುತ್ತ ಅಡ್ಡಾಡಿ ಸಂಜೆಗೆ ಮರಳುವವರದು ಇನ್ನೊಂದು. ನಾನು ಎರಡನೆಯ ಪಂಥದವನು. ಇದಕ್ಕೆ ತತ್ತ್ವಜ್ಞಾನದ ಆಧಾರವೇನೂ ಇಲ್ಲ. ನನ್ನ ಮನೆಯಾಕೆ ಪ್ರವಾಸಕ್ಕೆ ಹೊರಟರೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿಗಳ ಡಬ್ಬಿಗಳನ್ನು ಕಟ್ಟಿಕೊಳ್ಳುತ್ತಾಳೆ; ಅವನ್ನು ದಿನಾ ಇಳಿಸಿ ಏರಿಸುವ ಹಮಾಲಿ ನನ್ನ ಪಾಲಿಗೆ ಬರುತ್ತದೆ. ಅಷ್ಟೇ ಕಾರಣ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗನೂ ಈ ಪಂಥಕ್ಕೇ ಸೇರಿದವನು, ಆದರೆ ಅವನದು ದೊಡ್ಡ ಮಟ್ಟದ್ದು. ಮುಂದಿನ ವರ್ಷ ಇಟಲಿಗೆ ಹೋಗಿ ಟಸ್ಕನಿಯ ಊರುಕೇರಿ, ಹೊಲತೋಟ ನೋಡುವ ಬಯಕೆ ಅವನಿಗೆ. ಬಿಡಾರ ಎಲ್ಲಿ ಹೂಡಬೇಕು ಎನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಫ್ಲಾರೆನ್ಸಿನಲ್ಲಿ ಇಳಿದರೆ ನಾಕೂ ದಿಕ್ಕಿಗೆ ರೈಲು, ಆದರೆ ಜಾತ್ರೆಯಂಥ ಗದ್ದಲ. ಸಿಯೆನಾ ಚೆಂದದ ಊರು, ಆದರೆ ಊರು ಗುಡ್ಡದ ಮೇಲೆ, ಸ್ಟೇಷನ್ನು ಗುಡ್ಡದ ಕೆಳಗೆ. ಲುಕ್ಕಾದ ಹಳೆಯ ಕೋಟೆಗೋಡೆಯ ಮೇಲೆ ಗಿಡಗಳ ನೆರಳಲ್ಲಿ ಊರನ್ನೇ ಒಂದು ಸುತ್ತು ಹಾಕಬಹುದಂತೆ, ಆದರೆ ಅದು ಒಂದು ಮೂಲೆಗೆ ಬಿತ್ತು. ಊರೇ ಬೇಡವೆಂದರೆ ರೈತರ ಮನೆಗಳುಂಟು. ಹೊಲದ ಮನೆಯಲ್ಲಿ ಪ್ರವಾಸಿಗರನ್ನು ಇಟ್ಟುಕೊಂಡು ಉಣಬಡಿಸಿ ಹಣ ಪಡೆಯಲು ಅಲ್ಲಿ 1985ರಲ್ಲೇ ಒಂದು ಕಾಯ್ದೆ ಮಾಡಿದ್ದಾರೆ. ಇಷ್ಟನ್ನೂ ಅವನು ಎಕ್ಸೆಲ್ಲಿನಲ್ಲಿ ಕಾಲಂ ಹಾಕಿ ಅಂಕ ಕೊಟ್ಟು ಕೂಡಿಸಿದ್ದಾನೆ. ಮೂರೂ ಊರಿಗೆ ಸರಿಸುಮಾರು ಅಷ್ಟಷ್ಟೇ ಅಂಕ ಬಂದಿವೆ.

"ಮಾಮಾ, ನೀವಾದ್ರ ಎಲ್ಲಿ ಇಳಕೋತಿದ್ರಿ?" ಎಂದು ಫೋನಿನಲ್ಲಿ ಕೇಳಿದ. ನಾನು ಕಂಡ ಅತ್ಯಂತ ದೂರದ ಪಶ್ಚಿಮವೆಂದರೆ ಪಂಢರಪುರ. ಆದರೂ ಅಳಿಯ ಕೇಳಿದಾಗ ಮಾಮನಾದವನು ಉತ್ತರ ಕೊಡದೆ ಇರಲಾಗದು. "ಇಟಲಿಗೆ ಇನ್ನೂ ಒಂದು ವರ್ಷ ಐತಲ್ಲ. ಅಲ್ಲೀತನ ನಮ್ಮ ಜಿಲ್ಲಾದಾಗ ರೂಢಿ ಮಾಡ್ಕೋ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಈ ನಾಕರಾಗ ಎಲ್ಲಿ ಇಳಕೋಬೇಕು ಅಂತ ಗೊತ್ತಾತಂದ್ರ ಇಟಲಿ ತಾನಾಗಿ ಗೊತ್ತಾಗತೈತಿ" ಎಂದೆ. ಅವನು ನಕ್ಕ. ಆದರೆ ನಾನು ಹೇಳಿದ್ದು ನಗೆಮಾತಲ್ಲ.

ಮೊದಲು ವಿಜಯಪುರ ನಗರವನ್ನು ಪಟ್ಟಿಯಿಂದ ತೆಗೆದುಬಿಡಬೇಕು. ಅಲ್ಲಿ ಇಳಿದವನು ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ, ತನ್ನ ದನಿ ತನಗೇ ಮತ್ತೆ ಮತ್ತೆ ಕೇಳಿಸಿ ಖುಷಿಪಟ್ಟು, ಇಬ್ರಾಹಿಂ ರೋಜಾ ನೋಡಿ, ಜಿಲ್ಲೆ ಮುಗಿಯಿತೆಂದು ರಾತ್ರಿ ಬಸ್ಸು ಹತ್ತುತ್ತಾನೆ. ಜಿಲ್ಲೆ ಇರುವುದು ಅದರಾಚೆ. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ. ಈ ಮೂರರ ನಡುವಿನ ಕರಿಮಣ್ಣಿನ ಎರೆಹೊಲ, ಬಿಳಿಜೋಳ, ತೊಗರಿ, ಲಿಂಬಿ, ದ್ರಾಕ್ಷಿ. ಈಚೆಗೆ ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ, ನಿಡಗುಂದಿ ಎಂದು ಹೊಸ ತಾಲ್ಲೂಕುಗಳು ಸಾಕಷ್ಟಾಗಿವೆ. ಆದರೆ ಹಿಂದಿನವರ ಬಾಯಲ್ಲಿ ಜಿಲ್ಲೆಯೆಂದರೆ ವಿಜಾಪುರ ಮತ್ತು ಈ ನಾಕು ಊರು.

ಅಳಿಯನ ಎಕ್ಸೆಲ್ಲಿನಲ್ಲಿ ಇಲ್ಲದ ಒಂದು ಕಾಲಮ್ಮು ಇಲ್ಲಿ ಮೊದಲು ಬೇಕಾಗುತ್ತದೆ: ಬೀಗರು. ಈ ಸೀಮೆಯಲ್ಲಿ ನಂಟರಿರುವ ಊರಲ್ಲಿ ಲಾಡ್ಜಿಗೆ ಹೋಗುವುದು ಆ ಮನೆತನದ ಮೇಲೆ ಕೇಸು ಹಾಕಿದಂತೆಯೇ ಸರಿ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನೋಡಿರುತ್ತಾರೆ, ರಾತ್ರಿಯೊಳಗೆ ಸುದ್ದಿ ಮುಟ್ಟಿರುತ್ತದೆ, ಮುಂದೆ ಯಾವುದಾದರೂ ಮದುವೆಯ ಪಂಕ್ತಿಯಲ್ಲಿ, ಹುಗ್ಗಿ ಬಡಿಸುತ್ತಲೇ, "ಅಲ್ರೀ, ನಮ್ಮ ಮನಿ ಇರಲಿಲ್ಲೇನ್ರಿ?" ಎಂಬ ಮಾತು ಬಂದೇ ಬರುತ್ತದೆ. ನಂಟರ ಮನೆಯಲ್ಲಿ ಇಳಿದರೆ ಊರು ನೋಡುವುದು ಸಾಧ್ಯವಿಲ್ಲ. ನಾಷ್ಟಾ ಮುಗಿಯುವಷ್ಟರಲ್ಲಿ ಊಟ, ಊಟ ಮುಗಿಯುವಷ್ಟರಲ್ಲಿ ಅವರ ತಮ್ಮನ ಮನೆಯ ಚಹಾ. ತೋಟದ ವಸ್ತಿಗೆ ಕರೆದೊಯ್ದರೆ ಇನ್ನೂ ಫಜೀತಿ. ಹಣದ ಮಾತು ಎತ್ತಿದರೆ ಮುಖ ಗಂಟಿಕ್ಕುತ್ತಾರೆ, ಎತ್ತದಿದ್ದರೆ ಬರುವಾಗ ಒಂದು ಚೀಲ ಜೋಳ ಹೊರಿಸುತ್ತಾರೆ. ಇಟಲಿಯವರು ಇದಕ್ಕೆ ಕಾಯ್ದೆ ಮಾಡಿದ್ದು ಜಾಣತನ. ಆದ್ದರಿಂದ ನೆಂಟಸ್ತಿಕೆಯನ್ನು ಆಚೆಗಿಟ್ಟು ಊರುಗಳನ್ನೇ ತೂಗಿ ನೋಡೋಣ.

ಇಂಡಿಗೆ ರೈಲಿದೆ ಎಂದು ನಕಾಶೆ ಹೇಳುತ್ತದೆ. 1884ರಲ್ಲಿ ಹೊಟಗಿಯಿಂದ ಗದಗಿಗೆ ಹಾಕಿದ ದಾರಿ ಇದು. ಆದರೆ ಸ್ಟೇಷನ್ನಿನ ಫಲಕದ ಮೇಲೆ ಬರೆದದ್ದು ‘ಇಂಡಿ ರೋಡ್’. ರೈಲು ನಿಮ್ಮನ್ನು ಇಂಡಿಗೆ ತಂದು ಬಿಡುವುದಿಲ್ಲ, ಇಂಡಿಗೆ ಹೋಗುವ ರೋಡಿಗೆ ತಂದು ಬಿಡುತ್ತದೆ. ಮುಂದಿನದು ಟಂಟಂನವನ ಧರ್ಮ. ಸಿಯೆನಾದ ಪ್ರಯಾಣಿಕರು ಸ್ಟೇಷನ್ನು ಗುಡ್ಡದ ಕೆಳಗಿದೆಯೆಂದು ಗೊಣಗುತ್ತಾರಂತೆ. ಅವರಿಗೆ ಮೇಲೇರಲು ಎಸ್ಕಲೇಟರ್ ಮಾಡಿಕೊಟ್ಟಿದ್ದಾರೆ. ನಮಗೆ ಟಂಟಂ ಇದೆ. ಹನ್ನೊಂದನೆಯ ಪ್ರಯಾಣಿಕ ಬರುವವರೆಗೆ ಅದು ಅಲುಗುವುದಿಲ್ಲ, ಬಂದ ಮೇಲೆ ಅದರೊಳಗೆ ಯಾರೂ ಅಲುಗುವಂತಿಲ್ಲ.

ಇಂಡಿಯೆಂದರೆ ಲಿಂಬಿಹಣ್ಣು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಈ ಊರಲ್ಲೇ ಇದೆ. ಬೇಸಿಗೆಯಲ್ಲಿ ಊರಿಗೆಲ್ಲ ಶರಬತ್ತು ಕುಡಿಸುವ ಈ ಹಣ್ಣು ಬೆಳೆಯುವವನಿಗೆ ದಿನಕ್ಕೊಂದು ದರ ತೋರಿಸುತ್ತದೆ. ಮಾರುಕಟ್ಟೆಯಿಂದ ಮರಳುತ್ತಿರುವ ರೈತನ ಮುಖ ನೋಡಿದರೆ ಅವತ್ತಿನ ಸವಾಲು ಎಷ್ಟಕ್ಕೆ ನಿಂತಿತೆಂದು ಕೇಳಬೇಕಾಗಿಲ್ಲ.

ಬಿಡಾರದ ವಿಷಯದಲ್ಲಿ ಇಂಡಿಯ ಸೀಮೆಗೆ ಹಳೆಯ ಅನುಭವವಿದೆ. ಪಕ್ಕದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ದೊಡ್ಡ ವಿದ್ಯಾಶಾಲೆಯಿತ್ತು. 945ರ ಶಾಸನದಂತೆ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು ಅಲ್ಲಿ 27 ವಸತಿಗಳಿದ್ದವು. ದೀಪದ ಎಣ್ಣೆಯ ಖರ್ಚಿಗೆಂದು ಭೂಮಿ ಬಿಟ್ಟಿದ್ದರು. ಊರಲ್ಲಿ ಮದುವೆ, ಮುಂಜಿ ಆದರೆ ಮನೆಯವರು ಶಾಲೆಗೆ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ಪರವೂರಿನ ಹುಡುಗರು ಓದುವ ದೀಪಕ್ಕೆ ಊರಿನ ಮದುಮಗ ದುಡ್ಡು ಕೊಡುವ ಏರ್ಪಾಡು! ಇಂದು ಇಂಡಿಯಲ್ಲಿ ಲಾಡ್ಜು ಹುಡುಕುವವನಿಗೆ ಆ 27 ವಸತಿಗಳು ನೆನಪಾಗದೆ ಇರವು.

ಒಂದು ಕಡೆ ಬೇರು ಬಿಟ್ಟು ದೂರದ್ದನ್ನು ಕಂಡವರೂ ಇದೇ ದಿಕ್ಕಿನವರು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹಾಡು ಹುಡುಕಿಕೊಂಡು ದೇಶಾಂತರ ಹೋಗಲಿಲ್ಲ. ತಮ್ಮೂರ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿಕೊಳ್ಳುತ್ತಿದ್ದುದನ್ನು ಕೂತು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಗುರುದೇವ ರಾನಡೆಯವರದು ಇನ್ನೊಂದು ಬಗೆ. ಹುಟ್ಟಿದ್ದು ಜಮಖಂಡಿಯಲ್ಲಿ, ತತ್ತ್ವಶಾಸ್ತ್ರ ಕಲಿಸಿದ್ದು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ. ಆದರೆ ಮನಸ್ಸು ನೆಲೆಸಿದ್ದು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ. 1957ರಲ್ಲಿ ದೇಹ ಬಿಟ್ಟದ್ದೂ ಅಲ್ಲೇ. ಅಲಹಾಬಾದಿನಲ್ಲಿ ಗಂಗೆ ಯಮುನೆ ಎರಡೂ ಇದ್ದವು, ನಿಂಬಾಳದಲ್ಲಿ ಬಯಲು ಮತ್ತು ಒಂದು ರೈಲು ಸ್ಟೇಷನ್ನು. ಅಳಿಯನ ಅಂಕಪಟ್ಟಿಯಲ್ಲಿ ನಿಂಬಾಳ ಖಂಡಿತ ನಪಾಸು.

ಸಿಂದಗಿಗೆ ರೈಲಿನ ಗೊಡವೆಯೇ ಇಲ್ಲ. ವಿಜಯಪುರದಿಂದ ಸುಮಾರು 60 ಕಿ.ಮೀ., ಕಲಬುರಗಿಗೆ ಹೋಗುವ ಹೆದ್ದಾರಿಯ ಮೇಲೆ ಕೂತ ಊರು. ಹಗಲಿರುಳೂ ಬಸ್ಸು. ಇಲ್ಲಿಂದ ದೇವರ ಹಿಪ್ಪರಗಿಗೆ ಹೋದರೆ ಮಡಿವಾಳ ಮಾಚಯ್ಯನ ಊರು, ಗೋಲಗೇರಿಗೆ ಹೋದರೆ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ಗೊಲ್ಲಾಳನ ಗುಡಿ. ಬಡಗಲಿಗೆ ಭೀಮೆ ದಾಟಿದರೆ ಗಾಣಗಾಪುರದ ದತ್ತಾತ್ರೇಯ. ವಚನಗಳ ಸಂಶೋಧನೆಗೆ ಜೀವ ತೇಯ್ದ ಎಂ.ಎಂ. ಕಲಬುರ್ಗಿಯವರೂ ಇದೇ ತಾಲ್ಲೂಕಿನವರು. ಆದರೆ ಸಿಂದಗಿಯವರನ್ನೇ ಕೇಳಿ ನೋಡಿ: "ನಮ್ಮೂರಾಗ ಏನೈತ್ರಿ ನೋಡಾಕ?" ಎನ್ನುತ್ತಾರೆ.

ಸಿಂದಗಿಯ ಒಂದು ಖಾನಾವಳಿಯನ್ನು ನಾನು ಮರೆಯಲಾರೆ. ಹೊರಗೆ ಬಣ್ಣ ಹೋದ ಫಲಕ, ಒಳಗೆ ಕಡಪಾ ಕಲ್ಲಿನ ಟೇಬಲ್ಲು, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ಸಪ್ಪಳ ನಿಂತಿತೆಂದರೆ ರೊಟ್ಟಿ ಹೆಂಚಿಗೆ ಬಿತ್ತೆಂದು ಲೆಕ್ಕ. ಮತ್ತೆ ಶುರುವಾಗುವಷ್ಟರಲ್ಲಿ ಉಬ್ಬಿದ ರೊಟ್ಟಿ ತಾಟಿಗೆ ಬಂದಿರುತ್ತದೆ, ಬೆರಳು ಇಟ್ಟರೆ ಹಬೆ ಹೊರಬೀಳುತ್ತದೆ. ಪಕ್ಕದಲ್ಲಿ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ತಪ್ಪಲು, ಹಿಂಡಿಯ ನಡುವೆ ಕುಣಿ ಮಾಡಿ ಹೊಯ್ದ ಎಣ್ಣೆ. ಮೊದಲ ಸಂಜೆ ಎಣ್ಣೆಗಾಯಿಯನ್ನು ತಾಟಿನಂಚಿಗೆ ಸರಿಸಿ ಎದ್ದಿದ್ದೆ. ಬದನೆಕಾಯಿ ನನಗೆ ಆಗಿಬರುವುದಿಲ್ಲ. ಮರುದಿನ ಹೋದಾಗ ಮಾಲಕರು ಗಲ್ಲಾಪೆಟ್ಟಿಗೆಯಿಂದ ಏಳದೆಯೇ ಒಳಗೆ ಕೂಗಿದರು: "ಕಾಕಾಗ ಬದನಿಕಾಯಿ ಬ್ಯಾಡ, ಮಡಿಕಿಕಾಳ ಹಾಕ್ರಿ." ನಾನು ಹೆಸರು ಹೇಳಿರಲಿಲ್ಲ, ಊರು ಹೇಳಿರಲಿಲ್ಲ. ಯಾವ ಪ್ರಮಾಣಪತ್ರವೂ ಇಲ್ಲದೆ ಆ ಊರಿನಲ್ಲಿ ನನ್ನ ಖಾತೆ ತೆರೆದಿತ್ತು. ದಿನಕ್ಕೊಂದು ಊರು ಓಡುವ ಪಂಥದವರಿಗೆ ಈ ಮಡಿಕಿಕಾಳು ಸಿಕ್ಕುವುದಿಲ್ಲ. ಅವರು ಊರೂರಲ್ಲೂ ಬದನೆಕಾಯಿಯನ್ನೇ ಸರಿಸುತ್ತ ಹೋಗಬೇಕು.

ಬಸವನ ಬಾಗೇವಾಡಿಯ ಸಂಗತಿ ಬೇರೆ. ಅಲ್ಲಿ ನೋಡಲು ಏನಿದೆ ಎಂದು ಯಾರೂ ಕೇಳುವಂತಿಲ್ಲ. ಬಸವಣ್ಣ ಹುಟ್ಟಿದ ಊರು, ಮೂಲ ನಂದೀಶ್ವರನ ಗುಡಿ, ಹತ್ತಿರದಲ್ಲೇ ಇಂಗಳೇಶ್ವರ. ಆದರೆ ಈ ಊರಿನ ಮಹಾಪುರುಷ ಊರಲ್ಲಿ ಉಳಿದವನಲ್ಲ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವೇಢೆಗೆ, ಅಲ್ಲಿಂದ ಕಲ್ಯಾಣಕ್ಕೆ, ಕೊನೆಗೆ ಮತ್ತೆ ಸಂಗಮಕ್ಕೆ. ಬಿಡಾರ ಬದಲಿಸುವುದರಲ್ಲಿ ಅವನು ಮೊದಲ ಪಂಥದವನು. ಒಂದೇ ಕಡೆ ಗೂಟ ಹೊಡೆಯುವ ನಾನು ಅವನ ಊರಲ್ಲಿ ಸ್ವಲ್ಪ ಸಂಕೋಚದಿಂದಲೇ ಓಡಾಡುತ್ತೇನೆ.

ಬಾಗೇವಾಡಿಗೂ ರೈಲಿದೆ, ಅದೂ ‘ಬಸವನ ಬಾಗೇವಾಡಿ ರೋಡ್’. ಅದೇ ದಾರಿಯಲ್ಲಿ ಮುಂದೆ ಹೋದರೆ ಆಲಮಟ್ಟಿ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಜಲಾಶಯ, ಈಗ ಅವರ ಹೆಸರಿನದೇ. ಕಾರಂಜಿ, ಉದ್ಯಾನ, ಶಾಲೆಯ ಮಕ್ಕಳ ಸಾಲು ಎಲ್ಲ ಉಂಟು. ಮಳೆಗಾಲದಲ್ಲಿ ಈ ಭಾಗದವರು ಪೇಪರು ಬಿಡಿಸಿದೊಡನೆ ಹುಡುಕುವುದು ಆಲಮಟ್ಟಿಯ ನೀರಿನ ಮಟ್ಟವನ್ನು, 519.6 ಮೀಟರ್ ಎಂಬ ಭರ್ತಿಯ ಲೆಕ್ಕ ಹೊಲದಲ್ಲಿ ಕಳೆ ತೆಗೆಯುವವರ ಬಾಯಲ್ಲೂ ಇದೆ. ಅಣೆಕಟ್ಟಿಗಿಂತ ಮೊದಲು ಈ ಆಲಮಟ್ಟಿಯನ್ನು ತಮ್ಮ ನೆಲೆಯಾಗಿ ಆರಿಸಿಕೊಂಡವರು ಹರ್ಡೇಕರ ಮಂಜಪ್ಪ. ಬನವಾಸಿಯಲ್ಲಿ ಹುಟ್ಟಿ, ಕರ್ನಾಟಕದ ಗಾಂಧಿ ಎನಿಸಿಕೊಂಡ ಅವರು ಕೃಷ್ಣೆಯ ದಂಡೆಯ ಈ ಊರಿಗೆ ಬಂದು ವಿದ್ಯಾಲಯ ಕಟ್ಟಿದರು. ಕಾರಂಜಿ ನೋಡಲು ಬಂದವರು ಅವರ ಸ್ಮಾರಕದ ಕಡೆಗೂ ನಾಕು ಹೆಜ್ಜೆ ಹಾಕಿದರೆ ಚೆನ್ನ.

ಬಾಗೇವಾಡಿಯಲ್ಲಿ ಬಿಡಾರ ಹೂಡುವವರಿಗೆ ಒಂದೇ ಎಚ್ಚರಿಕೆ: ಶ್ರಾವಣ. ಜಾತ್ರೆಯ ಹೊತ್ತಿಗೆ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ, ತಲೆಯಿಡಲು ಎಲ್ಲಿಯದು? ಸಿಯೆನಾದಲ್ಲಿ ಜುಲೈ 2 ಮತ್ತು ಆಗಸ್ಟ್ 16ಕ್ಕೆ ಕುದುರೆ ಓಟದ ಹಬ್ಬ ನಡೆಯುವಾಗಲೂ ಹೀಗೆಯೇ, ತಿಂಗಳುಗಟ್ಟಲೆ ಮೊದಲೇ ಕೋಣೆಗಳು ಮುಗಿದುಹೋಗುತ್ತವಂತೆ. ಅಲ್ಲಿ ಕೋಣೆ ಸಿಗದವನು ಏನು ಮಾಡುತ್ತಾನೋ ಗೊತ್ತಿಲ್ಲ. ಬಾಗೇವಾಡಿಯಲ್ಲಿ ಗುಡಿಯ ಕಟ್ಟೆಯಿದೆ.

ನಾಲ್ಕನೆಯದು ಮುದ್ದೇಬಿಹಾಳ. ರೈಲಿಲ್ಲ, ಗುಮ್ಮಟವಿಲ್ಲ, ಪ್ರವಾಸಿ ನಕಾಶೆಯಲ್ಲಿ ಕ್ಯಾಮರಾ ಚಿತ್ರವಿಲ್ಲ. ಸುತ್ತಲಿನ ಊರುಗಳು ಮಾತ್ರ ಇತಿಹಾಸದ ಪುಸ್ತಕದಿಂದ ಎದ್ದು ಬಂದಂಥವು. ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ಬಸವಣ್ಣನ ಮಡದಿ ನೀಲಾಂಬಿಕೆಯ ಗುಡಿ. ಹೊಳೆಯ ಮೇಲುಗಡೆ, ಆಚೆ ಜಿಲ್ಲೆಯಲ್ಲಿ ಕೂಡಲಸಂಗಮ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ನಡುವೆ ಹೊಳೆ; ನನ್ನ ಮನೆಯಾಕೆ ಇಲ್ಲಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ, ಅದು ಸಣ್ಣ ಸಂಗತಿಯಲ್ಲ. ಇನ್ನೊಂದು ದಿಕ್ಕಿಗೆ ತಾಳಿಕೋಟೆ, ಡೋಣಿಯ ದಂಡೆಯ ಊರು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುತ್ತಾರೆ. ಬೆಳೆಯದಿದ್ದರೆ ಏನೆನ್ನಬೇಕೆಂದು ಗಾದೆ ಹೇಳುವುದಿಲ್ಲ, ಓಣಿಯವರಿಗೆ ಗೊತ್ತು.

ಬಿಡಾರದ ಮಹಿಮೆ ತಿಳಿಯಬೇಕಾದರೆ ತಾಳಿಕೋಟೆಗೇ ಹೋಗಬೇಕು. 1565ರ ಜನವರಿಯ ಯುದ್ಧಕ್ಕೆಂದು ವಿಜಯನಗರದ ಮೇಲೆ ಏರಿ ಬಂದ ಸುಲ್ತಾನರ ದಂಡು ತಂಗಿದ್ದು ಈ ಊರಲ್ಲಿ. ಕಾದಾಟ ನಡೆದದ್ದು ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ. ಆದರೂ ಶಾಲೆಯ ಪುಸ್ತಕದಲ್ಲಿ ಅದು ತಾಳಿಕೋಟೆಯ ಯುದ್ಧ. ರಕ್ತ ಬಿದ್ದ ಊರಿಗೆ ಹೆಸರಿಲ್ಲ, ಡೇರೆ ಬಿದ್ದ ಊರಿಗೆ ಹೆಸರು! ಇಳಿಯುವ ಊರನ್ನು ಹಗುರವಾಗಿ ಆರಿಸಬಾರದು ಎನ್ನಲು ಇದಕ್ಕಿಂತ ದೊಡ್ಡ ದಾಖಲೆ ನನಗೆ ಸಿಕ್ಕಿಲ್ಲ.

ಈ ಯುದ್ಧದ ಬೆನ್ನಿಗೇ ಇಟಲಿಯವನೊಬ್ಬ ನಮ್ಮ ನಾಡಿಗೆ ಬಂದಿದ್ದ. ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ. 1567ರಲ್ಲಿ, ಹಾಳುಬಿದ್ದ ವಿಜಯನಗರಕ್ಕೆ ಬಂದವನು ಅಲ್ಲಿ ಏಳು ತಿಂಗಳು ಉಳಿದ. ಅವನ ಕೆಲಸಕ್ಕೆ ಒಂದು ತಿಂಗಳು ಸಾಕಿತ್ತು. ದಾರಿಯಲ್ಲಿ ಕಳ್ಳರ ಕಾಟ ಹೆಚ್ಚಾಗಿ ಹೊರಡಲಾಗಲಿಲ್ಲ. ಅಂದರೆ ಬಿಡಾರವನ್ನು ಅವನು ಆರಿಸಲಿಲ್ಲ, ಬಿಡಾರವೇ ಅವನನ್ನು ಹಿಡಿದಿಟ್ಟುಕೊಂಡಿತು. ಆದರೆ ಏಳು ತಿಂಗಳು ಕೂತವನು ಕಂಡದ್ದನ್ನು ಬರೆದಿಟ್ಟ, ನಾವು ಇಂದಿಗೂ ಓದುತ್ತೇವೆ. ಒಂದೇ ತಿಂಗಳಿಗೆ ಹೊರಟುಹೋಗಿದ್ದರೆ ಹಾಳು ಊರೊಂದನ್ನು ಕಂಡೆ ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದನೋ ಏನೋ.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನಗೆ ತೋರುವುದು ಇದು. ಹೋಗುವ ಊರನ್ನು ಬೆಳಗಿನ ಲೆಕ್ಕದಲ್ಲಿ ಆರಿಸಬೇಕು, ಇಳಿಯುವ ಊರನ್ನು ಸಂಜೆಯ ಲೆಕ್ಕದಲ್ಲಿ. ಅಳಿಯ ಇಡೀ ಎಕ್ಸೆಲ್ ತುಂಬ ಬೆಳಗನ್ನೇ ತುಂಬಿದ್ದಾನೆ: ಎಷ್ಟು ಗಂಟೆಗೆ ರೈಲು, ಎಷ್ಟು ದೂರ, ಎಷ್ಟು ಚರ್ಚು. ಸಂಜೆ ಕಾಲು ನೋಯುತ್ತ ಮರಳಿದವನಿಗೆ ಬೇಕಾದದ್ದು ಇನ್ನೊಂದು ಸ್ಮಾರಕವಲ್ಲ. ಕೂರಲು ಒಂದು ಕಟ್ಟೆ, ಮಿರ್ಚಿ ಭಜಿ ಕರಿಯುವ ಒಂದು ಗಾಡಿ, ನಿನ್ನೆ ಕಂಡ ಮುಖ. ನೋಡಲು ಬಹಳಷ್ಟಿರುವ ಊರು ಸಂಜೆಯೂ ಸುಮ್ಮನೆ ಬಿಡುವುದಿಲ್ಲ; ಅದನ್ನು ನೋಡಿದಿಯಾ, ಇದನ್ನು ನೋಡಿದಿಯಾ ಎಂದು ಪೀಡಿಸುತ್ತದೆ. "ನಮ್ಮೂರಾಗ ಏನೈತ್ರಿ" ಎನ್ನುವ ಊರು ಏನೂ ಕೇಳುವುದಿಲ್ಲ. ಅದೇ ಅದರ ದೊಡ್ಡ ಗುಣ.

ಆದ್ದರಿಂದ ನನ್ನ ತೀರ್ಪು ಹೀಗೆ. ಹೊಳೆ ತುಂಬಿದ ಕಾಲಕ್ಕೆ ಬರುವವರು ಮುದ್ದೇಬಿಹಾಳದಲ್ಲಿ ಇಳಿಯಲಿ, ಅಲ್ಲಿಂದ ಕೃಷ್ಣೆ, ತಂಗಡಗಿ, ತಾಳಿಕೋಟೆ, ಆಲಮಟ್ಟಿ. ಚಳಿಗಾಲಕ್ಕೆ ಬರುವವರು ಸಿಂದಗಿಯಲ್ಲಿ ಇಳಿದು ಭೀಮೆ, ಇಂಡಿ, ಹಿಪ್ಪರಗಿ ನೋಡಲಿ. ಎಳ್ಳಮವಾಸಿಗೆ ಸರಿಯಾಗಿ ಬಂದರಂತೂ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿಯ ಕಡಬು, ಭರ್ತ, ಶೇಂಗಾ ಹೋಳಿಗೆಯ ಬುತ್ತಿ ಹೊತ್ತು ಭೂಮಿತಾಯಿಗೆ ಚರಗ ಚೆಲ್ಲುವ ಹಬ್ಬ. ಮುಂದೆ ಸೀತನಿಯ ದಿನಗಳು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿತಟ್ಟಿನ ಮೇಲೆ ಬಡಿದು, ಹೊಟ್ಟು ತೂರಿ ಬಿಸಿಬಿಸಿ ಹಸಿರು ಕಾಳನ್ನು ಬೊಗಸೆಗೆ ಸುರಿಯುತ್ತಾರೆ. ಬೆಲ್ಲದ ಚೂರಿನೊಂದಿಗೆ ತಿನ್ನಬೇಕು. ಅದು ಲಾಡ್ಜಿಗೆ ಪಾರ್ಸೆಲ್ ಬರುವಂಥದಲ್ಲ. ತಣ್ಣಗಾದರೆ ಬರೀ ಜೋಳ. ಇನ್ನು ಬಸ್ಸಿನ ಖರ್ಚಿನ ಚಿಂತೆ ಬೇಡ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ನನ್ನ ಮನೆಯಾಕೆ ಶೂನ್ಯದ ಟಿಕೇಟು ಹಿಡಿದು ಕಿಟಕಿಯ ಪಕ್ಕ ಕೂತು, ಹಣ ಕೊಟ್ಟು ನಿಂತ ನನಗೆ ಎಲ್ಲಿ ಇಳಿಯಬೇಕೆಂದು ಹೇಳುತ್ತ ಬರುತ್ತಾಳೆ.

ಒಂದೇ ತೊಡಕು ಉಳಿಯಿತು. ಈ ಊರುಗಳಲ್ಲಿ "ಯಾಕ ಬಂದೀರ್ರಿ?" ಎಂದು ಎಲ್ಲರೂ ಕೇಳುತ್ತಾರೆ. "ಸುಮ್ನ ನೋಡಾಕ" ಎಂದರೆ ಯಾರೂ ನಂಬುವುದಿಲ್ಲ. ಜಮೀನು ಸರ್ವೇಗೆ ಬಂದವನೋ, ಸಾಲ ವಸೂಲಿಯವನೋ ಎಂದು ಅನುಮಾನದಿಂದ ನೋಡುತ್ತಾರೆ, ಚಹಾ ಕೊಟ್ಟರೂ ಮಾತು ಕೊಡುವುದಿಲ್ಲ. ಇದಕ್ಕೊಂದು ಉಪಾಯವಿದೆ. ಜೊತೆಗೆ ಮದುವೆಯಾಗದ ಹುಡುಗನಿದ್ದರೆ "ಕನ್ಯಾ ನೋಡಾಕ ಬಂದೀವ್ರಿ" ಎಂದರೆ ಸಾಕು. ಆಮೇಲೆ ನೀವು ಊರು ನೋಡಬೇಕಾಗಿಲ್ಲ, ಊರೇ ನಿಮಗೆ ತೋರಿಸುತ್ತದೆ: ಹೊಲ, ಹೊಳೆ, ಗುಡಿ, ಮಠ, ಮೂರು ತಲೆಮಾರಿನ ವಂಶಾವಳಿ. ಎಂಟು ದಿನದ ಬಿಡಾರ ಕಾಯಮ್ಮಿನ ಬೀಗತನವಾಗುವ ಅಪಾಯ ಇದ್ದೇ ಇದೆ. ಅಳಿಯ ಮುಂದಿನ ತಿಂಗಳು ರಜೆ ಹಾಕಿ ಸಿಂದಗಿಗೆ ಬರುತ್ತೇನೆಂದಿದ್ದಾನೆ. ಈ ಉಪಾಯವನ್ನು ಅವನಿಗೆ ಹೇಳಿಲ್ಲ. ಅವನ ತಾಯಿಗೆ ಹೇಳಿದ್ದೇನೆ.